ಹೆಬ್ಬಾಳದ ಜರ್ಮನಿಯವರು

ಹೆಬ್ಬಾಳ ಕೆರೆಯ ಕಡೆ ಬೆಳಿಗ್ಗೆ ವಾಕಿಂಗ್‌ಗೆ ಬರುವ ಹಿರಿಯರಿಗೆ ಹೆಸರಿನ ಹಂಗಿಲ್ಲ. ಅಮೆರಿಕದವರು, ಕೆನಡಾದವರು, ಐರ್ಲೆಂಡಿನವರು ಅಂದರೆ ಸಾಕು, ಯಾರೆಂದು ಗೊತ್ತಾಗುತ್ತದೆ. ಇವರಲ್ಲಿ ಬಹುಪಾಲು ಜನ ತಿರುಪತಿಯಿಂದಾಚೆ ಕಾಲಿಟ್ಟವರಲ್ಲ. ಎಂಎಸ್ ಮಾಡಲು ಹೋದವರು ಮಕ್ಕಳು; ದೇಶ ಅಂಟಿಕೊಂಡದ್ದು ಅಪ್ಪಂದಿರಿಗೆ. ಈ ಕುಲದ ಹಿರೀಕರು ಅಂತ ಯಾರನ್ನಾದರೂ ಕರೆಯಬಹುದಾದರೆ ಅದು ನಮ್ಮ ಜರ್ಮನಿಯವರನ್ನು.

ಜಾಲಹಳ್ಳಿ ಕಡೆಯ ಸರ್ಕಾರಿ ಕಾರ್ಖಾನೆಯೊಂದರಲ್ಲಿ ಫೋರ್‌ಮನ್ ಆಗಿ ನಿವೃತ್ತರು. ಕೆಂಪಾಪುರದಲ್ಲಿ ಸ್ವಂತ ಮನೆ, ಮೇಲೊಂದು ಬಾಡಿಗೆ ಮನೆ, ಎಡಮಂಡಿಗೊಂದು ನೀ ಕ್ಯಾಪು. ಒಬ್ಬಳೇ ಮಗಳು. ಅವಳು ಎಂಎಸ್‌ಗೆ ಅರ್ಜಿ ಹಾಕಿದ ದಿನದಿಂದ ಓದು ಶುರುವಾದದ್ದು ಇವರದ್ದು. ಭಾರತದ ವಿದ್ಯಾರ್ಥಿಗಳು ಜರ್ಮನಿಯ ವೀಸಾ ಕೇಳುವ ಮೊದಲು ಮಾರ್ಕ್ಸ್‌ಕಾರ್ಡುಗಳನ್ನು ಎಪಿಎಸ್ ಎಂಬಲ್ಲಿ ಪರಿಶೀಲಿಸಿಕೊಂಡು ಸರ್ಟಿಫಿಕೇಟು ತರಬೇಕೆಂಬ ನಿಯಮ 2022ರ ನವೆಂಬರಿನಲ್ಲಿ ಬಂತಲ್ಲ, ಆ ನೆಪದಲ್ಲಿ ಮಗಳ ಎಂಟೂ ಸೆಮಿಸ್ಟರಿನ ಅಂಕಗಳನ್ನು ಇವರು ಮೊದಲ ಸಲ ಪೂರ್ತಿಯಾಗಿ ನೋಡಿದರು. ಮೂರನೇ ಸೆಮಿಸ್ಟರಿನ ಗಣಿತದ ಬಗ್ಗೆ ಮನೆಯಲ್ಲಿ ಆದ ಮಾತುಕತೆ ಇಲ್ಲಿ ಬೇಡ.

ಅವರ ಅಚ್ಚುಮೆಚ್ಚಿನ ವಿಷಯ ಬ್ಲಾಕ್ಡ್ ಅಕೌಂಟು. ವರ್ಷದ ಖರ್ಚಿಗೆಂದು 11,904 ಯೂರೋ ಮುಂಗಡ ಕಟ್ಟಬೇಕು. ಹುಡುಗರು ಅಲ್ಲಿಗೆ ಹೋದ ಮೇಲೆ ಅದರಿಂದ ತಿಂಗಳಿಗೆ 992 ಯೂರೋ ಬಿಡುಗಡೆ. ಬೇರೆ ಅಪ್ಪಂದಿರು ಇದನ್ನು ಕಿರುಕುಳ ಅಂದುಕೊಂಡರು. ಇವರು ಕೈ ಮುಗಿದರು. "ನಾನು ಕೊಟ್ಟ ಪಾಕೆಟ್ ಮನಿ ಹತ್ತನೇ ತಾರೀಕಿಗೆ ಖಾಲಿ ಆಗ್ತಿತ್ತು ಸಾರ್. ಈಗ ನೋಡಿ, ನಮ್ಮ ದುಡ್ಡು ನಮ್ಮ ಮಗಳ ಕೈಗೇ ಸಿಗದ ಹಾಗೆ ಕಾಯ್ತಾ ಇದೆ ಒಂದು ಸರ್ಕಾರ! ಯಾವ ದೇಶ ಮಾಡತ್ತೆ ಇಷ್ಟು?"

ಹೊರಡುವ ದಿನದ ಗಲಾಟೆ ಹೆಬ್ಬಾಳದವರಿಗೆ ಹೊಸದಲ್ಲ. 2008ರ ಮೇ ತಿಂಗಳಲ್ಲಿ ದೇವನಹಳ್ಳಿ ವಿಮಾನ ನಿಲ್ದಾಣ ಶುರುವಾದ ಮೇಲೆ ಈ ಕಡೆ ಮನೆ ಇರುವವರಿಗೆಲ್ಲ ನೆಂಟರು ಹೆಚ್ಚಾದರು. ಅದುವರೆಗೆ "ಅಷ್ಟು ದೂರ ಯಾಕೆ ಮನೆ ಕಟ್ಟಿದೆ?" ಅಂದವರೇ ಈಗ ಹಾಸನದಿಂದ, ತಿಪಟೂರಿನಿಂದ ಸೂಟ್‌ಕೇಸ್ ಸಮೇತ ಬಂದು, ಊಟ ಮಾಡಿ, ಹಾಲ್‌ನಲ್ಲಿ ಚಾಪೆ ಹಾಸಿ ಮಲಗಿ, ನಡುರಾತ್ರಿ ಎದ್ದು ಹೊರಡುತ್ತಾರೆ. ಇಷ್ಟು ವರ್ಷ ಊರವರ ಮಕ್ಕಳನ್ನೆಲ್ಲ ಏರ್‌ಪೋರ್ಟಿಗೆ ಬಿಟ್ಟು ಬಂದ ಜರ್ಮನಿಯವರಿಗೆ ಕೊನೆಗೂ ಸ್ವಂತದ್ದೊಂದು ಸೂಟ್‌ಕೇಸು ತೂಗುವ ಯೋಗ ಬಂತು. 23 ಕೆಜಿಯ ಎರಡು ಪೆಟ್ಟಿಗೆ. ಮೊದಲು ತಾವೊಬ್ಬರೇ ತಕ್ಕಡಿ ಹತ್ತಿದರು, ಆಮೇಲೆ ಪೆಟ್ಟಿಗೆ ತಬ್ಬಿಕೊಂಡು ಹತ್ತಿದರು, ಕಳೆದು ನೋಡಿದರು. ಒಂದೂವರೆ ಕೆಜಿ ಹೆಚ್ಚು. ತೆಗೆಯಬೇಕಾದದ್ದು ಪುಳಿಯೋಗರೆ ಗೊಜ್ಜೋ ಥರ್ಮೋಡೈನಮಿಕ್ಸ್ ಪುಸ್ತಕವೋ? ಮನೆಯಾಕೆ ಪುಸ್ತಕದ ಕಡೆ ಬೆರಳು ಮಾಡಿದರು. ಕುಕ್ಕರ್ ಹೋಯಿತು, ಎರಡು ಹೆಚ್ಚುವರಿ ಗ್ಯಾಸ್ಕೆಟ್ ಹೋದವು, ಪುಸ್ತಕ ಇವತ್ತಿಗೂ ಕೆಂಪಾಪುರದಲ್ಲಿದೆ.

ಮಗಳು ಹೋಗಿ ಇಳಿದ ಊರು ಕೆಮ್ನಿಟ್ಸ್. ಪೂರ್ವ ಜರ್ಮನಿಯ ಕಾಲದಲ್ಲಿ, 1953ರಿಂದ 1990ರವರೆಗೆ, ಇದಕ್ಕೆ ಕಾರ್ಲ್ ಮಾರ್ಕ್ಸ್ ಪಟ್ಟಣ ಎಂದೇ ಹೆಸರಿತ್ತು ಎಂಬುದು ತಿಳಿದಾಗ ಇವರ ಕಣ್ಣು ತುಂಬಿಬಂತು. ಕಾರ್ಖಾನೆಯಲ್ಲಿ ಯೂನಿಯನ್ ಬಾವುಟ ಹಿಡಿದವರು ತಾನೆ! ಊರ ನಡುವೆ ಮಾರ್ಕ್ಸನ ತಲೆಯೊಂದೇ ಏಳು ಮೀಟರಿನ ಕಂಚಿನ ಶಿಲ್ಪವಾಗಿ ಇನ್ನೂ ಕೂತಿದೆ. ಮಗಳು ಅದರ ಕೆಳಗೆ ನಿಂತ ಫೋಟೊ ಕಳಿಸಿದಳು. ಮನೆಯಾಕೆ ಗಡ್ಡವನ್ನು ದಿಟ್ಟಿಸಿ ನೋಡಿ, "ಯಾವ ಮಠದ ಸ್ವಾಮಿಗಳ್ರೀ ಇವರು?" ಅಂದರು. ಇವರು ಸ್ವಲ್ಪ ಯೋಚಿಸಿ, "ನಮ್ಮದೇ ಮಠ" ಅಂದರಂತೆ.

ಅಲ್ಲಿಂದಾಚೆ ಕೆಂಪಾಪುರದ ಮನೆಗೆ ಜರ್ಮನಿಯ ಕಾನೂನು ಜಾರಿಯಾಯಿತು. ಭಾನುವಾರ ಅಲ್ಲಿ ಗದ್ದಲ ಕೂಡದು; ಇಲ್ಲಿ ಇಡ್ಲಿಹಿಟ್ಟಿನ ಗ್ರೈಂಡರ್ ಶನಿವಾರಕ್ಕೆ ವರ್ಗವಾಯಿತು. ಹಸಿ ಕಸ, ಒಣ ಕಸ ಬೇರೆ ಮಾಡಿ ಅಂತ ಪಾಲಿಕೆಯ ಆಟೊ ವರ್ಷಗಟ್ಟಲೆ ಹಾಡಿದರೂ ಕಿವಿಗೆ ಹಾಕಿಕೊಳ್ಳದವರು ಈಗ ಗಾಜಿನ ಬಾಟಲಿಗಳನ್ನೂ ಬಣ್ಣದ ಪ್ರಕಾರ ಬೇರೆ ಮಾಡಿ ಕೊಡುತ್ತಾರೆ. ಕಸದ ಆಟೊದ ಹುಡುಗ ಎಲ್ಲವನ್ನೂ ಒಂದೇ ಚೀಲಕ್ಕೆ ಸುರಿಯುವಾಗ ಇವರು ಬೇರೆ ಕಡೆ ನೋಡುತ್ತಾರೆ. ಗೋಡೆಗೆ ತೂಗಿದ ಬೆಂಗಳೂರು ಪ್ರೆಸ್ ಕ್ಯಾಲೆಂಡರಿನಲ್ಲಿ ಏಕಾದಶಿ, ಸಂಕಷ್ಟಿಗಳ ಪಕ್ಕ ಇವರದೇ ಕೆಂಪು ಬಾಲ್‌ಪೆನ್ನಿನ ಬರಹ: ಮಾರ್ಚಿನ ಕೊನೆಯ ಭಾನುವಾರ "ಗಡಿಯಾರ ಮುಂದೆ", ಅಕ್ಟೋಬರಿನ ಕೊನೆಯ ಭಾನುವಾರ "ಗಡಿಯಾರ ಹಿಂದೆ". ಬೇಸಿಗೆಯಲ್ಲಿ ನಮಗೂ ಅವರಿಗೂ ಮೂರೂವರೆ ಗಂಟೆ ಅಂತರ, ಚಳಿಗಾಲದಲ್ಲಿ ನಾಲ್ಕೂವರೆ. ರಾಹುಕಾಲ ತಪ್ಪಿದರೂ ಇದು ತಪ್ಪುವಂತಿಲ್ಲ. ವಾಕಿಂಗ್ ಮಧ್ಯೆ ಇದ್ದಕ್ಕಿದ್ದಂತೆ ನಿಂತು, "ಈಗ ಮಲಗಿರ್ತಾಳೆ" ಅನ್ನುತ್ತಾರೆ. ಯಾರೂ ಕೇಳಿರುವುದಿಲ್ಲ.

ಇವರ ಏಕೈಕ ಪ್ರತಿಸ್ಪರ್ಧಿ ಅಮೆರಿಕದವರು. ಅವರದ್ದು ಹಳೆಯ ಮನೆತನ, ವೀಸಾ ಸಂದರ್ಶನಕ್ಕೆ ಮಗನ ಜೊತೆ ಚೆನ್ನೈಗೆ ಹೋಗಿ ಜೆಮಿನಿ ಫ್ಲೈಓವರ್ ಪಕ್ಕ ಬಿಸಿಲಲ್ಲಿ ಕಾದವರು. 2025ರ ಜನವರಿಯಲ್ಲಿ ಬೆಂಗಳೂರಿಗೂ ಅಮೆರಿಕದ ಕಾನ್ಸುಲೇಟ್ ಬಂತು ಅಂತ ಸಂಭ್ರಮಿಸಿದರು. ವೀಸಾ ಮಾತ್ರ ಸದ್ಯಕ್ಕೆ ಇಲ್ಲಿ ಕೊಡುವುದಿಲ್ಲ ಅಂತ ಗೊತ್ತಾದಾಗ, ಹೋಟೆಲ್ ತೆರೆದು ಇಡ್ಲಿ ಇಲ್ಲ ಅಂದ ಹಾಗಾಯಿತು ಅಂತ ನೊಂದರು. ಒಂದು ದಿನ ಅವರು ಅಂಕಿ ಎತ್ತಿದರು: 2023–24ರಲ್ಲಿ ಅಮೆರಿಕದಲ್ಲಿ ನಮ್ಮ ವಿದ್ಯಾರ್ಥಿಗಳು 3,31,602, ಚೀನಾದವರನ್ನು ಹಿಂದೆ ಹಾಕಿಬಿಟ್ಟಿದ್ದೇವೆ. ಜರ್ಮನಿಯವರು ಬೇಂಚಿನಿಂದ ಎದ್ದೇಬಿಟ್ಟರು. ಅದೇ ವರ್ಷದ ಚಳಿಗಾಲದ ಸೆಮಿಸ್ಟರಿನಲ್ಲಿ ಜರ್ಮನಿಯಲ್ಲಿ ನಮ್ಮವರು 49,483, ಅಲ್ಲೂ ಚೀನಾದವರು ಹಿಂದೆ! ಹೀಗೆ ಹೆಬ್ಬಾಳ ಕೆರೆಯ ದಂಡೆಯಲ್ಲಿ ಒಂದೇ ಬೆಳಿಗ್ಗೆ ಚೀನಾ ಎರಡು ಸಲ ಸೋತಿತು. ಪಕ್ಕದಲ್ಲಿದ್ದ ಕೃಷಿ ವಿಶ್ವವಿದ್ಯಾಲಯದ ನಿವೃತ್ತ ಮೇಷ್ಟ್ರು ನಡುವೆ ಬಾಯಿ ಹಾಕಿ, 1913ರಲ್ಲಿ ಇದೇ ಹೆಬ್ಬಾಳದಲ್ಲಿ ಕೃಷಿ ಶಾಲೆ ಶುರುವಾದಾಗ ಮೈಸೂರಿನ ಕೃಷಿ ನಿರ್ದೇಶಕರಾಗಿದ್ದವರು ಕೆನಡಾದ ಲೆಸ್ಲಿ ಕೋಲ್ಮನ್, ಆಗ ಅವರೇ ಇಲ್ಲಿಗೆ ಬರುತ್ತಿದ್ದರು ಅಂದರು. ಇಬ್ಬರೂ ಅವರನ್ನು ಕನಿಕರದಿಂದ ನೋಡಿದರು. ಮೇಷ್ಟ್ರ ಮಕ್ಕಳಿಬ್ಬರೂ ಯಲಹಂಕದಲ್ಲಿದ್ದಾರೆ.

2025ರ ಸೆಪ್ಟೆಂಬರಿನಲ್ಲಿ ಹೊಸ ಎಚ್-1ಬಿ ಅರ್ಜಿಗೆ ಒಂದು ಲಕ್ಷ ಡಾಲರ್ ಶುಲ್ಕ ಅಂತ ಅಮೆರಿಕ ಸಾರಿದಾಗ ಅಮೆರಿಕದವರು ವಾಕಿಂಗ್‌ಗೆ ಬರಲಿಲ್ಲ. ಜರ್ಮನಿಯವರೇ ಮನೆಗೆ ಹೋಗಿ ಸಮಾಧಾನ ಹೇಳಿದರು. ಹೇಳಿ ಹೊರಡುವಾಗ ಬಾಗಿಲಲ್ಲಿ ನಿಂತು, "ನಮ್ಮಲ್ಲಿ ಜರ್ಮನ್ ಭಾಷೆ ಬಿ-ಒನ್ ಮುಗಿಸಿದ್ರೆ ಸಾಕು ಸಾರ್" ಅಂತ ಸೇರಿಸಿದ್ದು ಬೇಕಿರಲಿಲ್ಲ.

ಮೊನ್ನೆ ಮಗಳು ರಜೆಗೆ ಬಂದಿದ್ದಳು. ಅಪ್ಪನ ಜೊತೆ ಕೆರೆಗೂ ಬಂದಳು. ಜರ್ಮನಿಯವರು ನಮಗೆಲ್ಲ ಅಲ್ಲಿನ ರೈಲುಗಳ ಸಮಯಪಾಲನೆಯ ಬಗ್ಗೆ ಹೇಳುತ್ತಿದ್ದರು, ಸೆಕೆಂಡಿನ ಮುಳ್ಳಿನ ಸಮೇತ. ಹುಡುಗಿ ನಕ್ಕಳು. "ಅಪ್ಪಾ, ಅಲ್ಲಿ ಟ್ರೈನು ಯಾವಾಗ್ಲೂ ಲೇಟು. ಕನೆಕ್ಷನ್ ತಪ್ಪಿ ಎಷ್ಟು ಸಲ ಪ್ಲಾಟ್‌ಫಾರ್ಮಲ್ಲಿ ಚಳೀಲಿ ಕೂತಿದೀನಿ ಗೊತ್ತಾ?"

"ನಿಂಗೊತ್ತಿಲ್ಲ ಸುಮ್ನಿರು. ಜರ್ಮನಿಯಲ್ಲಿ ಟ್ರೈನ್ ಲೇಟಾಗಲ್ಲ."

ಅವಳು ಮೊಬೈಲ್ ತೆಗೆದು ತೋರಿಸಿದಳು. 2024ರಲ್ಲಿ ಅಲ್ಲಿನ ದೂರದ ರೈಲುಗಳಲ್ಲಿ ಹೊತ್ತಿಗೆ ಸರಿಯಾಗಿ ಬಂದವು ನೂರಕ್ಕೆ 62.5 ಮಾತ್ರ. ಅಮೆರಿಕದವರು ತಿಂಗಳುಗಳ ನಂತರ ಮೊದಲ ಬಾರಿಗೆ ಬಾಯ್ತುಂಬ ನಕ್ಕರು. ಜರ್ಮನಿಯವರು ಕನ್ನಡಕ ಏರಿಸಿ, ಮೊಬೈಲನ್ನು ದೂರ ಹಿಡಿದು, ಕೆಳಗಿನ ಸಣ್ಣ ಅಕ್ಷರದವರೆಗೂ ಓದಿದರು. ಆಮೇಲೆ ನಮ್ಮ ಕಡೆ ತಿರುಗಿದರು.

"ನೋಡಿದ್ರಾ ಸಾರ್? ಆರು ನಿಮಿಷ ತಡ ಆದ್ರೆ ಸಾಕು, ಲೇಟು ಅಂತ ಬರ್ಕೊಳ್ತಾರೆ. ಯಶವಂತಪುರಕ್ಕೆ ಗಾಡಿ ಆರು ನಿಮಿಷ ತಡವಾಗಿ ಬಂದ್ರೆ ನಾವು ಬೇಗ ಬಂತು ಅಂತೀವಿ. ಶಿಸ್ತು ಅಂದ್ರೆ ಅದು!"

ಮಗಳು ತಲೆ ಚಚ್ಚಿಕೊಂಡು ಎಳನೀರಿನವನ ಕಡೆ ನಡೆದಳು. ಅಷ್ಟರಲ್ಲಿ ಸಂಜಯನಗರದ ಹೊಸಬರೊಬ್ಬರು, ಮಗನಿಗೆ ಮ್ಯಾಗ್ಡೆಬರ್ಗ್‌ನಲ್ಲಿ ಸೀಟು ಸಿಕ್ಕಿದೆಯಂತೆ, ಕೈಯಲ್ಲಿ ಫೈಲು ಹಿಡಿದು ಬೇಂಚಿನ ತುದಿಯಲ್ಲಿ ಕೂತರು. ಜರ್ಮನಿಯವರು ಗಂಟಲು ಸರಿಮಾಡಿಕೊಂಡು ಕೇಳಿದರು: "ಚಟ್ನಿಪುಡಿ ಎಷ್ಟು ಕೆಜಿ ಇಟ್ಟಿದೀರಿ?"