ಒರಿಜಿನಲ್ ಕಾಕಾ

ಕನ್ನೊಳ್ಳಿಯಂಥ ಊರಿನಲ್ಲಿ ಒರಿಜಿನಲ್ ಕಾಕಾ ಅವರನ್ನು ಗುರುತಿಸುವುದು ಸುಲಭ. ಹಳೇ ವಾಡೆಯ ದನದ ಕೊಟ್ಟಿಗೆಯಲ್ಲಿ ಅಪ್ಪನ ಕಾಲದ ಅಂಬಾಸಿಡರ್, ಅದರ ಬಾನೆಟ್ಟಿನೊಳಗೆ ಸೊಂಟದವರೆಗೆ ಇಳಿದ ಬಿಳಿ ಧೋತರ. ಮುಖ ಕಾಣುವುದು ಊಟದ ಹೊತ್ತಿಗೆ ಮಾತ್ರ.

ಹೊರಮೈ ಬಣ್ಣದ ಬಗ್ಗೆ ಕಾಕಾರದು ತಕರಾರಿಲ್ಲ. ಅದನ್ನು ಸಿಂದಗಿಯ ಯಾವ ಪೇಂಟರನಾದರೂ ಹೊಡೆದಾನು. ಚಿಂತೆಯೆಲ್ಲ ಎಂಜಿನ್ನಿನದು. ಕಾರ್ಖಾನೆಯಿಂದ ಹೊರಬಿದ್ದ ದಿನ ಅದಕ್ಕೆ ಯಾವ ಬಣ್ಣವಿತ್ತೋ ಅದೇ ಬೇಕು.

"1489 ಸಿಸಿ ಅಂದ್ರ ಏನಂತ ತಿಳದೀಯೋ ತಮ್ಮಾ? ಇಂಗ್ಲೆಂಡಿನ್ಯಾಗ ಎಂಜಿಎ ಸ್ಪೋರ್ಟ್ಸ್ ಕಾರಿಗೂ ಇದ ಎಂಜಿನ್ ಇತ್ತು."

"ಮತ್ತ ನಮ್ಮದು ದೇವರ ಹಿಪ್ಪರಗಿ ಮುಟ್ಟೂದರಾಗ ಯಾಕ್ ಕುದೀತೈತ್ರೀ ಕಾಕಾ?"

ಇಂಥ ಪ್ರಶ್ನೆ ಅವರ ಕಿವಿಗೆ ಬೀಳುವುದಿಲ್ಲ.

ಬಣ್ಣ ಯಾವುದೆಂದು ಕೇಳೋಣವೆಂದರೆ ಉತ್ತರಪಾರಾದ ಹಿಂದೂಸ್ತಾನ್ ಮೋಟರ್ಸ್ 2014ರಲ್ಲೇ ಅಂಬಾಸಿಡರ್ ಮಾಡುವುದನ್ನು ನಿಲ್ಲಿಸಿದೆ. ಆದ್ದರಿಂದ ಕಾಕಾ ಎಂಜಿನ್ನನ್ನೇ ಕೇಳಿದರು. ಬಿಸಿ, ಎಣ್ಣೆ, ಧೂಳು ತಾಗದ ಜಾಗದಲ್ಲಷ್ಟೇ ಹಳೇ ಬಣ್ಣ ಕೆಡದೆ ಉಳಿದಿರುತ್ತದೆ. ಎಂಜಿನ್ ನಂಬರಿನ ತಗಡು ಬಿಚ್ಚಿ, ಸೀಮೆಎಣ್ಣೆಯಲ್ಲಿ ಒರೆಸಿದಾಗ ಅದರಡಿಯಲ್ಲಿ ಉಗುರಗಲದ ಬಣ್ಣ ಸಿಕ್ಕಿತು. ಮೆಕ್ಯಾನಿಕ್ ಅದನ್ನು ಹಸಿರು ಎಂದ, ಪೇಂಟರ ಬೂದಿ ಎಂದ. ಕಾಕೂ ಬಂದು ನೋಡಿ, "ಪಾಚಿಗಟ್ಟೇತಿ, ತಿಕ್ಕಿ ತೊಳೀರಿ" ಎಂದು ಒಳಗೆ ಹೋದರು. ಮುಂದೆ ಡಬ್ಬಿ ಮೇಲೆ ಡಬ್ಬಿ ಕಲಸಿದ್ದೇ ಕಲಸಿದ್ದು. ಹಸಿ ಇದ್ದಾಗ ಒಂದು ಬಣ್ಣ, ಒಣಗಿದ ಮೇಲೆ ಇನ್ನೊಂದು; ಬಲ್ಬಿನ ಬೆಳಕಿಗೆ ಹೊಂದಿದ್ದು ಬಿಸಿಲಿಗೆ ಹೊಂದದು. ಕಾಕಾ ಬೇಡವೆಂದ ಡಬ್ಬಿಗಳೆಲ್ಲ ಕಾರಹುಣ್ಣಿಮೆಯ ದಿನ ಎತ್ತಿನ ಕೋಡಿಗೆ ಹೋದವು. ಆ ವರ್ಷ ಕರಿ ಹರಿಯಲು ಓಡಿದ ಅರ್ಧದಷ್ಟು ಎತ್ತುಗಳು ಹೆಚ್ಚುಕಡಿಮೆ ಉತ್ತರಪಾರಾದವೇ.

ನಿಜವಾದ ಗಂಡಾಂತರ ಬಣ್ಣ ಸಿಕ್ಕ ಮೇಲೆ ಶುರುವಾಯಿತು. ಆ ಕಾಲದ ಎಷ್ಟೋ ಕಾರ್ಖಾನೆಗಳಲ್ಲಿ ಎಂಜಿನ್ ಜೋಡಿಸಿದ ಮೇಲೆ ಒಟ್ಟಿಗೇ ಬಣ್ಣ ಸಿಂಪಡಿಸಿ ಮುಗಿಸುತ್ತಿದ್ದರು. ಬೋಲ್ಟಿನ ತಲೆಗೂ ಬಣ್ಣ, ಗ್ಯಾಸ್ಕೆಟ್ಟಿನ ಅಂಚಿಗೂ ಸೋರಿದ ಬಣ್ಣ, ಹಿಂದಿನ ಸಂದಿಗೆ ಮಾತ್ರ ಇಲ್ಲ. ಅಮೆರಿಕದಲ್ಲಿ ಶೆವರ್ಲೆಯ ಕಿತ್ತಳೆ ಎಂಜಿನ್ನುಗಳಿಗೆ ಈ ಸೋರಿಕೆಯನ್ನೂ ಬೇಕೆಂದೇ ಮಾಡುವವರಿದ್ದಾರೆ ಎಂದು ಗೊತ್ತಾದಾಗಿನಿಂದ ಕಾಕಾರಿಗೆ ನಿದ್ದೆಯಿಲ್ಲ. ಅಷ್ಟರಲ್ಲಾಗಲೇ ಪೇಂಟರ ಹುಡುಗ ಪಾಲಿಶ್ ಪೇಪರ್ ಹಚ್ಚಿ ಉಜ್ಜಿ ಕನ್ನಡಿಯಂತೆ ಹೊಡೆದಿಟ್ಟಿದ್ದ.

"ಇಷ್ಟ ಚಂದ ಯಾರ್ ಹೊಡಿ ಅಂದ್ರೋ ನಿನಗ? ಪಾಳಿ ಮುಗದು ಮನಿಗಿ ಓಡಾಂವ ಹೊಡದಂಗ ಹೊಡಿ!"

"ಮೊದಲ ಹೇಳಬಾರದೇನ್ರೀ? ಎಲ್ಲಾರ ಗಾಡಿಗೂ ನಾ ಹಂಗ ಹೊಡ್ಯಾಂವ. ನಿಮ್ಮದಂತ ಜೀವಾ ತೇಯ್ದೆ."

ಎಲ್ಲವನ್ನೂ ಕಿತ್ತು ಮತ್ತೆ ಹೊಡೆಸಿದರು. ಎಕ್ಸಾಸ್ಟಿನ ಮೇಲೆ ಹಾರಿದ ಬಣ್ಣ ಮೊದಲ ಸಲ ಸ್ಟಾರ್ಟ್ ಮಾಡಿದಾಗಲೇ ಸುಟ್ಟುಹೋಗುವಂಥದ್ದು. ಹಾಗೆ ಸುಡುವುದೂ ಒರಿಜಿನಲ್ಲೇ ಆದ್ದರಿಂದ ವಾಡೆಯ ತುಂಬ ಹೊಗೆ ಎಬ್ಬಿಸಿದರು. ಎಮ್ಮೆ ಎರಡು ಹೊತ್ತು ಹಾಲು ಕೊಡಲಿಲ್ಲ. ಖಂಡೇ ಪೂಜೆಗೆ ಕಾಕೂ ಕುಂಕುಮ ಹಿಡಿದು ಬಂದರೆ ಕಾಕಾ ಎರಡೂ ಕೈ ಚಾಚಿ ಅಡ್ಡ ನಿಂತರು: "ಕಂಪನಿಯವರು ಕುಂಕುಮ ಹಚ್ಚಿರಲಿಲ್ಲ!"

"ಅದಕ್ಕs ಮುಚ್ಚಿತು," ಎಂದರು ಕಾಕೂ.

ಮೊನ್ನೆ ಅಣ್ಣನ ಮೊಮ್ಮಗನ ಮದುವೆ ಮೆರವಣಿಗೆಗೆ ಕಾರು ಕೇಳಿದರು. ಕಾಕಾ ಒಲ್ಲೆ ಎನ್ನಲಿಲ್ಲ. ಬಾನೆಟ್ ಮಾತ್ರ ಮುಚ್ಚಬಾರದು ಎಂದರು. ಡ್ರೈವರ್ ಕಿಟಕಿಯಿಂದ ಕುತ್ತಿಗೆ ಚಾಚಿ ದಾರಿ ಹುಡುಕುತ್ತಿದ್ದರೆ, ಹಲಗಿ ಬಾರಿಸುವವರಿಗಿಂತ ಮುಂದೆ ಕೈಯಲ್ಲಿ ಅರಿವೆ ಹಿಡಿದು ಕಾಕಾ. ಬೀಗರ ಕಡೆಯ ಅಜ್ಜಿಯೊಬ್ಬಳು ಆರತಿ ತಟ್ಟೆ ಹಿಡಿದು ಇಣುಕಿದಳು.

"ಮದಿಮಗಾ ಎಲ್ಲಿ ಅದಾನೋ ಯಪ್ಪಾ?"

"ಹಿಂದ ಕುಂತಾನ ಬಿಡಬೇ, ಎಲ್ಲಿ ಹೋಗ್ತಾನ. ಮೊದಲ ಇಲ್ಲಿ ನೋಡು, ಈ ಗ್ಯಾಸ್ಕೆಟ್ ಮ್ಯಾಲೆ ಬಣ್ಣಾ ಹೆಂಗ ಸೋರೇತಿ!"