ಹೆಳವಪ್ಪನ ಹೊತ್ತಿಗೆ

ಸುಗ್ಗಿ ಮುಗಿದು ರಾಶಿ ಮನೆಗೆ ಬಂತೆಂದರೆ ವಂಶಾವಳಿ ಹೇಳುವ ಹೆಳವರು ಬರುತ್ತಾರೆ. ಹಿಂದೆ ಎತ್ತಿನ ಮೇಲೆ ಕೂತು, ಕಂಬಳಿ ಹೊದ್ದು, ಗಂಟೆ ಬಾರಿಸುತ್ತ ಬರುತ್ತಿದ್ದರು; ಈಗ ಮೋಟರ್‌ಸೈಕಲ್ಲಿನ ಮೇಲೂ ಬರುತ್ತಾರೆ. ಅಂಗಳದಲ್ಲಿ ನಿಂತು ಮುತ್ತಜ್ಜನ ಮುತ್ತಜ್ಜನಿಂದ ಹೆಸರು ಹೇಳತೊಡಗಿದರೆ ನಮಗೆ ತಲೆ ಅಲ್ಲಾಡಿಸುವುದೊಂದೇ ಕೆಲಸ. ಅಷ್ಟು ಹಿಂದಿನದನ್ನು ಅಲ್ಲಗಳೆಯುವವರು ಯಾರು? ಕೊನೆಗೆ ಕಾಳು, ಬಟ್ಟೆ, ರೊಕ್ಕ, ಉಳ್ಳವರಾದರೆ ಆಕಳು ಕೊಟ್ಟು ಕಳಿಸಬೇಕು. ಕೊಡುವುದು ಕಮ್ಮಿಯಾದರೆ ಪೂರ್ವಜರ ಶೌರ್ಯವೂ ಒಂದಿಷ್ಟು ಇಳಿಯುತ್ತದೆಂದು ನನ್ನ ಗುಮಾನಿ.

ಶೌರ್ಯಕ್ಕೆ ನಮ್ಮ ಸಂಪಗಾಂವದ ಸುತ್ತಮುತ್ತ ಬೇಡಿಕೆ ಜಾಸ್ತಿ. ಅತ್ತ ಕಿತ್ತೂರು, ಇತ್ತ ಸಂಗೊಳ್ಳಿ, ಬೈಲಹೊಂಗಲದಲ್ಲಿ ರಾಣಿ ಚನ್ನಮ್ಮನ ಸಮಾಧಿ. ನೋಡಿದರೆ ಕಿತ್ತೂರಿನ ಯುದ್ಧ ಹುಟ್ಟಿದ್ದೇ ವಂಶಾವಳಿಯಿಂದ. ಮಕ್ಕಳಿಲ್ಲದ ದೊರೆ ಶಿವಲಿಂಗ ರುದ್ರಸರ್ಜ ದತ್ತಕ ತೆಗೆದುಕೊಂಡು ತೀರಿಹೋದ. ಕಂಪನಿ ಸರಕಾರ ಆ ದತ್ತಕವನ್ನು ಒಪ್ಪಲಿಲ್ಲ. 1824ರ ಅಕ್ಟೋಬರದಲ್ಲಿ ಕಂಪನಿಯ ಅಧಿಕಾರಿ ಥ್ಯಾಕರೆ ಬಿದ್ದ ಕಾಳಗದಲ್ಲಿ ನಮ್ಮೆಲ್ಲರ ಅಜ್ಜಂದಿರೂ ಇದ್ದರು. ರಾಯಣ್ಣನ ದಂಡಿನಲ್ಲಂತೂ ಇದ್ದೇ ಇದ್ದರು. ಲೆಕ್ಕ ಕೂಡಿಸಿದರೆ ಕಿತ್ತೂರ ಕೋಟೆಯೊಳಗೆ ನಿಲ್ಲಲು ಜಾಗ ಸಾಲದು. ರಾಯಣ್ಣನನ್ನು ಮೋಸದಿಂದ ಹಿಡಿದುಕೊಟ್ಟರಲ್ಲ, 1831ರಲ್ಲಿ ಅವನು ನಂದಗಡದಲ್ಲಿ ಗಲ್ಲಿಗೇರಿದನಲ್ಲ, ಆ ಹಿಡಿದುಕೊಟ್ಟವರಿಗೆ ಮಾತ್ರ ಮಕ್ಕಳು ಮೊಮ್ಮಕ್ಕಳೇ ಆಗಲಿಲ್ಲವೆಂದು ಕಾಣುತ್ತದೆ.

ಅಮೆರಿಕದಲ್ಲಿರುವ ಮೊಮ್ಮಗಳಿಗೆ ಸಾಲೆಯಲ್ಲಿ ವಂಶವೃಕ್ಷ ಬರೆಯಲು ಹೇಳಿದ್ದರಂತೆ. ಅವಳ ಗೆಳತಿಯ ಮನೆತನದವರು ಐರ್ಲೆಂಡಿನಿಂದ ಬಂದವರು. ಅಮೆರಿಕ ಇನ್ನೂ ಇಂಗ್ಲಿಷರ ವಸಾಹತಾಗಿದ್ದಾಗ ಬಂದ ಐರಿಷರಲ್ಲಿ ಎಷ್ಟೋ ಜನ ಹಡಗಿನ ಖರ್ಚಿಗೆ ವರ್ಷಗಟ್ಟಲೆ ದುಡಿಮೆಯನ್ನೇ ಒತ್ತೆಯಿಟ್ಟು ಬಂದವರು. ಅಂಥವರ ಊರು ಹುಡುಕುವುದು ಸುಮ್ಮನೆ ಅಲ್ಲ. ಇತ್ತ ಬಂದ ಮೇಲೆ ಬರೆದುಕೊಂಡವರ ಕಿವಿಗೆ ಕೇಳಿದಂತೆ ಅಡ್ಡಹೆಸರು ಬದಲಾಗುತ್ತಿತ್ತು. ಅತ್ತ 1922ರಲ್ಲಿ ಡಬ್ಲಿನ್ನಿನ ದಫ್ತರಖಾನೆ ಕದನದಲ್ಲಿ ಸುಟ್ಟು, ಹಳೇ ಜನಗಣತಿ, ಮೃತ್ಯುಪತ್ರಗಳ ಬಹುಪಾಲು ಬೂದಿಯಾಯಿತು. ಪಾಪ, ಅವರಿಗೆ ಹೆಳವರಿರಲಿಲ್ಲ.

ನಮ್ಮ ಕಾಗದಪತ್ರಗಳೂ ಕಮ್ಮಿ ಆಟ ಆಡಿಸುವುದಿಲ್ಲ. ಬ್ರಿಟಿಷರ ಕಾಲದ ಉತಾರದಲ್ಲಿ ‘ತಾಲೂಕು ಸಂಪಗಾಂವ’ ಎಂದಿರುತ್ತದೆ; ಕಚೇರಿ ಇದ್ದದ್ದು ಬೈಲಹೊಂಗಲದಲ್ಲಿ. ಸವದತ್ತಿಯವರು ಹುಡುಕಬೇಕಾದದ್ದು ‘ಪರಸಗಡ’. ರಾಮದುರ್ಗದ್ದು ಆಗ ಬೇರೆಯೇ ಸಂಸ್ಥಾನ, ಅಲ್ಲಿಂದ ಸೊಸೆ ತಂದರೆ ಪರರಾಜ್ಯದ ಬೀಗತನ. ಇನ್ನು ಅಡ್ಡಹೆಸರು! ‘ಕಿತ್ತೂರ’ ಎಂಬ ಅಡ್ಡಹೆಸರಿನವರು ಸಿಗಬೇಕಾದರೆ ಕಿತ್ತೂರು ಬಿಟ್ಟು ಬೇರೆ ಕಡೆ ಹುಡುಕಬೇಕು. ಊರು ಬಿಟ್ಟ ಮೇಲೆಯೇ ಊರ ಹೆಸರು ಬೆನ್ನಿಗೆ ಹತ್ತುವುದು. ಮೆಣಸಿನಕಾಯಿಯವರು ಉಳ್ಳಾಗಡ್ಡಿಯವರ ಮನೆಯಿಂದ ಹೆಣ್ಣು ತಂದರೆ ಮೊಮ್ಮಗಳು ತನ್ನ ಗಿಡದಲ್ಲಿ ಇದನ್ನೆಲ್ಲ ಇಂಗ್ಲಿಷಿಗೆ ಹೇಗೆ ಇಳಿಸಿಯಾಳು?

ನನಗೆ ಹೆಳವರು ಹಿಡಿಸುವುದು ಹೆಸರುಗಳಿಗಾಗಿ ಅಲ್ಲ. ಹೆಸರು ತಲಾಠಿಯೂ ಬರೆಯುತ್ತಾನೆ. ಹೆಳವ ಊರು ಬಿಟ್ಟ ಕಾರಣ ಹೇಳುತ್ತಾನೆ. ಧಾತು ಬರದಲ್ಲಿ, ಎಂದರೆ 1876ರ ಸುಮಾರಿಗೆ, ಜೋಳ ಮುಗಿದು ಹೊರಟವರು. ಬದುವಿನ ಜಗಳದಲ್ಲಿ ಬಡಿಗೆ ಎತ್ತಿ ರಾತ್ರೋರಾತ್ರಿ ಪರಾರಿಯಾದವರು. ಹೆಂಡತಿಯ ತವರಿನ ಹೊಲಕ್ಕೆ ಬಂದು ಅಲ್ಲೇ ಉಳಿದವರು. ನಮ್ಮ ಮೂಲಪುರುಷ ಈ ಮೂರನೆಯವರ ಪೈಕಿ. ಆದರೂ ಆ ಹೆಂಡತಿಯ ಹೆಸರು ನಮ್ಮ ಹೊತ್ತಿಗೆಯಲ್ಲಿಲ್ಲ. ಹೊಲ ಆಕೆಯದು, ವಂಶ ಈತನದು.

ಈ ಸಲ ಬಂದಾಗ ಮೊಮ್ಮಗಳ ಹೆಸರನ್ನೂ ಬರೆಯೆಂದೆ. ಹೆಳವಪ್ಪ ಪೆನ್ನು ಹಿಡಿದು ತಡೆದ. ಮೊಮ್ಮಗಳೆಂದಲ್ಲ; ಅವನ ತೊಡಕು ಬೇರೆ.

“ಯಜಮಾನ್ರ, ನಿಮ್ಮ ಮಗಾ ಊರ ಯಾಕ ಬಿಟ್ರಂತ ಬರೀಲಿ? ಬರಾನೋ, ಜಗಳಾನೋ?”

“ನೌಕರಿ ಅಂತ ಬರಿಯಪ್ಪ.”

ಅವನು ಹಾಗೇ ಬರೆದುಕೊಳ್ಳುತ್ತಿದ್ದ. ಅಷ್ಟರಲ್ಲಿ ಮೊರದಲ್ಲಿ ಜೋಳ ತಂದ ನನ್ನಾಕೆ ಹೊಸ್ತಿಲಲ್ಲೇ ನಿಂತು, “ಜಗಳಾನೂ ಬರಕೋ ಹೆಳವಪ್ಪ, ಕಾರಣ ಎದುರಿಗೇ ಕುಂತೈತಿ,” ಎಂದಳು.