ಗ್ರಾಂ ಲೆಕ್ಕದ ಗೃಹಸ್ಥ

ಬೆಂಗಳೂರಿನ ಸಾಫ್ಟ್‌ವೇರ್ ಕಚೇರಿಗಳಲ್ಲಿ ಮಹಡಿಗೊಬ್ಬನಂತೆ ಸಿಗುವ ಈ ಮಹಾಶಯನನ್ನು ಗುರುತಿಸುವುದು ಸುಲಭ. ಅಡುಗೆಮನೆಯ ಡಿಜಿಟಲ್ ತಕ್ಕಡಿ ಅವನ ಕೋಣೆ ಸೇರಿರುತ್ತದೆ. ಚಾರಣದ ಚೀಲ ಹಗುರಾಗಲೆಂದು ಹಲ್ಲುಜ್ಜುವ ಬ್ರಷ್ಷಿನ ಹಿಡಿ ಅರ್ಧಕ್ಕೆ ತುಂಡಾಗಿರುತ್ತದೆ. ಸದ್ಯಕ್ಕೆ ಅವನು ಇಬ್ಬರು ಮಲಗುವ ಹಗುರ ಟೆಂಟಿನ ಹುಡುಕಾಟದಲ್ಲಿದ್ದಾನೆ. ಮನೆ ಕಟ್ಟಿದವರೂ ಮದುವೆ ಮಾಡಿದವರೂ ಇಷ್ಟು ಕಾಲ ಯೋಚಿಸಿರಲಾರರು. ಜನ ಅವನನ್ನು ಶೋಕಿವಾಲನೆಂದು ಆಡಿಕೊಳ್ಳುವುದು ಅನ್ಯಾಯ. ಅವನು ಅಪ್ಪಟ ಲೆಕ್ಕಪರಿಶೋಧಕ. ದೊಡ್ಡ ಖಾತೆಪುಸ್ತಕದಲ್ಲಿ ಒಂದೇ ಸಾಲನ್ನು ಹಗಲಿರುಳು ತಪಾಸಣೆ ಮಾಡುತ್ತಾನೆ ಎಂಬುದಷ್ಟೇ ಅವನ ದೋಷ. ‘ಇಬ್ಬರ ಟೆಂಟು’ ಎಂಬುದರಲ್ಲಿ ಟೆಂಟಿಗೆ ಕೊಟ್ಟ ಗಮನದ ಕಾಲುಭಾಗವನ್ನು ಆ ಇಬ್ಬರಿಗೆ ಕೊಟ್ಟಿದ್ದರೆ ಹುಡುಕಾಟ ಎಂದೋ ಮುಗಿಯುತ್ತಿತ್ತು ಎಂಬುದು ನನ್ನ ವಾದ.

ಲೆಕ್ಕವನ್ನು ಅವನದೇ ತಕ್ಕಡಿಯಲ್ಲಿ ನೋಡೋಣ. ಡೆಕಾಥ್ಲಾನ್ ಅಂಗಡಿಯಲ್ಲಿ ಸಿಗುವ ಸಾಧಾರಣ ಇಬ್ಬರ ಟೆಂಟು ಸುಮಾರು ಎರಡೂವರೆ ಕಿಲೋ ತೂಗುತ್ತದೆ. ಅದರ ಹೆಸರೆತ್ತಿದರೆ ಅವನು ಮೂಗು ಮುರಿಯುತ್ತಾನೆ. ಬಿಗ್ ಆಗ್ನೆಸ್ ಕಂಪನಿಯ ಕಾಪರ್ ಸ್ಪರ್ ಸುಮಾರು 1.4 ಕಿಲೋ, ಅದಕ್ಕೆ ಮುಖ ಅರಳುತ್ತದೆ. ಝೀಪ್ಯಾಕ್ಸ್‌ನ ಡುಪ್ಲೆಕ್ಸ್ ಅರ್ಧ ಕಿಲೋ ಆಸುಪಾಸು. ಅದನ್ನು ನೆನೆದರೆ ಕಣ್ಣು ತೇವವಾಗುತ್ತದೆ. ಆದರೆ ಈ ಅರ್ಧ ಕಿಲೋ ಟೆಂಟಿಗೆ ಸ್ವಂತ ಕಂಬಿಯಿಲ್ಲ, ಅದು ನಿಲ್ಲಬೇಕಾದರೆ ಎರಡು ಊರುಗೋಲು ಬೇಕು. ಭಾರವೆಂದು ಇವನು ಬಿಟ್ಟು ಬಂದದ್ದು ಆ ಊರುಗೋಲುಗಳನ್ನೇ. ಬಟ್ಟೆ ಒಂದೇ ಪದರದ್ದಾದ್ದರಿಂದ ಉಸಿರಿನ ತೇವ ಒಳಮೈಗೆ ಹತ್ತಿ ಹನಿಗಟ್ಟುತ್ತದೆ; ಸಹ್ಯಾದ್ರಿಯ ಶೀತದಲ್ಲಿ ಹೊರಗೆ ಮಳೆಯಿಲ್ಲದಿದ್ದರೂ ಒಳಗೆ ಜಿನುಗು ಗ್ಯಾರಂಟಿ. ಕೆಲವು ಕಂಪನಿಗಳು ಗೂಟ, ಹಗ್ಗ, ಚೀಲ ಕಳೆದು ತೂಕ ಹೇಳುವುದೂ ಉಂಟು. ಇನ್ನು ಎರಡೂವರೆ ಕಿಲೋ ಟೆಂಟಿನ ಬಟ್ಟೆಯನ್ನು ಒಬ್ಬರ ಚೀಲಕ್ಕೂ ಕಂಬಿ-ಗೂಟಗಳನ್ನು ಮತ್ತೊಬ್ಬರ ಚೀಲಕ್ಕೂ ಹಾಕಿದರೆ ತಲೆಗೆ ಸುಮಾರು ಒಂದೂಕಾಲು ಕಿಲೋ ಬೀಳುತ್ತದೆ. ಒಂಟಿಯಾಗಿ ಕಾಪರ್ ಸ್ಪರ್ ಹೊತ್ತವನಿಗಿಂತ ಕಡಿಮೆ! ಅಂದರೆ ಇಡೀ ಮಾರುಕಟ್ಟೆಯಲ್ಲಿ ಭಾರ ಇಳಿಸುವ ಅತ್ಯಂತ ಅಗ್ಗದ ಸಲಕರಣೆ ಒಬ್ಬ ಸ್ನೇಹಿತ.

ಇದಕ್ಕೆ ಅವನ ಬಳಿ ಉತ್ತರಗಳಿವೆ. ಹಿಮಾಲಯದಲ್ಲಿ ನಾಲ್ಕು ಸಾವಿರ ಮೀಟರ್ ಏರಿದ ಮೇಲೆ ನೂರು ಗ್ರಾಂ ಕೂಡ ಭಾರವೇ ಎನ್ನುತ್ತಾನೆ. ನಿಜ, ಮಂಡಿಗಳು ಸುಳ್ಳು ಹೇಳುವುದಿಲ್ಲ. ಆದರೆ ಅವನು ದುಡ್ಡು ಕಟ್ಟಿ ಸೇರುವ ಹಿಮಾಲಯದ ತಂಡಗಳಲ್ಲಿ ಟೆಂಟು ಕಂಪನಿಯದು, ಹೊರುವುದು ಹೇಸರಗತ್ತೆ. ಇತ್ತ ಕುದುರೆಮುಖ ರಾಷ್ಟ್ರೀಯ ಉದ್ಯಾನದಲ್ಲಿ ಟೆಂಟು ಹಾಕಲು ಅನುಮತಿಯೇ ಇಲ್ಲ. ಬೆಳಿಗ್ಗೆ ಹೋಗಿ ಸಂಜೆಯೊಳಗೆ ಇಳಿಯಬೇಕು. ಟೆಂಟು ಹಾಕಲು ಉಳಿಯುವುದು ಮನೆಯ ತಾರಸಿ. ಅಲ್ಲಿಗೆ ಲಿಫ್ಟ್ ಇದೆ. ಎರಡನೆಯ ಉತ್ತರವಾಗಿ ಅವನು ತನ್ನ ಕುಲದೇವತೆಯನ್ನು ಮುಂದಿಡುತ್ತಾನೆ: ಅಮೆರಿಕದ ಎಮ್ಮಾ ಗೇಟ್‌ವುಡ್. ಹನ್ನೊಂದು ಮಕ್ಕಳ ಈ ತಾಯಿ 1955ರಲ್ಲಿ, 67ನೆಯ ವಯಸ್ಸಿನಲ್ಲಿ, ಮೂರು ಸಾವಿರ ಕಿಲೋಮೀಟರಿಗೂ ಉದ್ದದ ಅಪಲೇಚಿಯನ್ ಹಾದಿಯನ್ನು ಒಬ್ಬಳೇ ನಡೆದು ಮುಗಿಸಿದಳು. ಸಾಕ್ಷಿ ಘನವಾದದ್ದೇ, ಆದರೆ ಅದು ಎದುರು ಪಕ್ಷದ್ದು. ಆಕೆಯ ಹೆಗಲಲ್ಲಿದ್ದದ್ದು ಮನೆಯಲ್ಲೇ ಹೊಲಿದ ಚೀಲ, ಮಳೆಗೆಂದು ಬಚ್ಚಲಮನೆಯ ಪ್ಲಾಸ್ಟಿಕ್ ಪರದೆ. ಆಕೆ ಹಗುರಾದದ್ದು ಬೇಡದ್ದನ್ನು ಬಿಟ್ಟು. ನಮ್ಮವನು ಹಗುರಾಗುವುದು ಇನ್ನೊಂದನ್ನು ಕೊಂಡು.

‘ಹಾಗಾದರೆ ಒಳ್ಳೆಯ ಟೆಂಟು ಕೊಳ್ಳುವುದೇ ತಪ್ಪೇ?’ ಎಂದು ಯಾರಾದರೂ ಕೇಳಬಹುದು. ಖಂಡಿತ ಅಲ್ಲ. ತಿಂಗಳುಗಟ್ಟಲೆ ಬೆಟ್ಟ ಸುತ್ತುವವರಿಗೆ ಹಗುರ ಟೆಂಟು ದೊಡ್ಡ ಉಪಕಾರ, ಕೊಟ್ಟ ಹಣವೂ ಸಾರ್ಥಕ. ಆದರೆ ಅದನ್ನು ಹಗುರ ಮಾಡಲು ಅಗಲಕ್ಕೂ ಕತ್ತರಿ ಹಾಕಿರುತ್ತಾರೆ. ಕಾಪರ್ ಸ್ಪರ್‌ನ ನೆಲ ತಲೆಯ ಕಡೆ 132 ಸೆಂಟಿಮೀಟರ್, ಕಾಲಿನ ಕಡೆ 107. ಒಂದೊಂದು 51 ಸೆಂಟಿಮೀಟರಿನ ಎರಡು ಚಾಪೆ ಹಾಸಿದರೆ ಕಾಲಿನ ಕಡೆ ಉಳಿಯುವುದು ಐದು ಸೆಂಟಿಮೀಟರ್. ಆ ಐದು ಸೆಂಟಿಮೀಟರಿನಲ್ಲಿ ಗೊರಕೆ, ಒದ್ದೆ ಕಾಲುಚೀಲ, ನಡುರಾತ್ರಿ ಎದ್ದುಹೋಗುವ ಅವಸರ, ಎಲ್ಲವೂ ಹೊಂದಿಕೊಳ್ಳಬೇಕು. ಅಷ್ಟು ಇಕ್ಕಟ್ಟಿನಲ್ಲಿ ರಾತ್ರಿಯಿಡೀ ಡೆನಿಯರ್, ಡೈನೀಮಾ ಎಂದು ಟೆಂಟಿನ ಬಟ್ಟೆಯ ಬಗ್ಗೆ ಉಪನ್ಯಾಸ ಕೊಡುವವನ ಪಕ್ಕ ಮಲಗಲು ಯಾರು ತಾನೇ ಒಪ್ಪಿಯಾರು? ಅವನು ಎಲ್ಲಕ್ಕಿಂತ ಭಾರದ ಟೆಂಟು ಹೊರುವುದು ಇದಕ್ಕೇ: ಇಬ್ಬರದನ್ನು ಒಬ್ಬನೇ ಹೊರುತ್ತಾನೆ. ಆದ್ದರಿಂದ ಟೆಂಟು ಕೊಳ್ಳಹೊರಟವರಿಗೆ ಹೇಳುವುದಿಷ್ಟೇ: ಮೊದಲು ಜೊತೆಗಾರರನ್ನು ಗೊತ್ತುಮಾಡಿಕೊಳ್ಳಿ, ಅಂಗಡಿಗೆ ಅವರನ್ನೂ ಕರೆದೊಯ್ದು ಟೆಂಟಿನೊಳಗೆ ಇಬ್ಬರೂ ಮಲಗಿ ನೋಡಿ. ತಕ್ಕಡಿಯನ್ನು ಅಡುಗೆಮನೆಗೆ ವಾಪಸ್ಸು ಕೊಡಿ. ಅಲ್ಲಿ ಅದಕ್ಕೆ ಕೆಲಸವಿದೆ.